ವನಿತಳ ಜಡೆ, ನನ್ನ ಸಾಲು

ಮೊಣಕಾಲು ನೋವಿಗೆ ಹರಳೆಣ್ಣೆ ಹಚ್ಚಿ ನೋಡಿ ಎಂದು ಯಾರೋ ಹೇಳಿದ್ದರಿಂದ ಮೊನ್ನೆ ಚಾಮರಾಜನಗರದ ಎಣ್ಣೆ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ಡಬ್ಬದ ಮುಚ್ಚಳ ತೆಗೆದ. ಆ ಜಿಗುಟು ವಾಸನೆ ಮೂಗಿಗೆ ತಾಗಿದ್ದೇ ತಡ, ನನ್ನ ಕೈ ತಾನಾಗಿಯೇ ಸೊಂಟದ ಹತ್ತಿರ ಬಾಚಣಿಗೆ ಹುಡುಕಿತು. ನಗಬೇಡಿ. ಗುಂಡ್ಲುಪೇಟೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತು ವರ್ಷ ಡ್ರಿಲ್ ಟೀಚರ್ ಆಗಿದ್ದವಳು ನಾನು. ಸೀಟಿ, ಬಾಚಣಿಗೆ ಎರಡನ್ನೂ ಸೊಂಟಕ್ಕೆ ಸಿಕ್ಕಿಸಿಕೊಂಡೇ ತಿರುಗಿದವಳು.

ಜಡೆಯ ವಿಷಯದಲ್ಲಿ ನನ್ನದು ಒಂದೇ ಕಾನೂನು. ನಡು ಬೈತಲೆ, ಎರಡು ಜಡೆ, ಮೇಲಕ್ಕೆ ಮಡಿಚಿ ಕೆಂಪು ಟೇಪು. ನೂರು ಹುಡುಗಿಯರು ಸಾಲಾಗಿ ನಿಂತರೆ ಹಿಂದಿನಿಂದ ಒಬ್ಬಳೇ ನೂರು ಸಲ ನಿಂತಂತೆ ಕಾಣಬೇಕು. ಅದನ್ನು ಶಿಸ್ತು ಎಂದು ನಂಬಿದ್ದೆ.

ಆ ಸಾಲಿಗೆ ವನಿತಾ ಬಂದಳು. ತಾಯಿ ನಮ್ಮ ಜಿಲ್ಲೆಯದೇ ಕುದೇರಿನ ಕಡೆಯವರು, ಮೈಸೂರಿನಲ್ಲಿ ನರ್ಸ್. ತಂದೆ ಕೀನ್ಯಾದಿಂದ ಮೈಸೂರಿಗೆ ಓದಲು ಬಂದು, ಆಕೆಯನ್ನು ಮದುವೆಯಾಗಿ, ಮಗಳಿಗೆ ಐದು ತುಂಬುವ ಮೊದಲೇ ಕಾಯಿಲೆಯಿಂದ ತೀರಿಕೊಂಡಿದ್ದರು. ಹುಡುಗಿ ಗುಂಡ್ಲುಪೇಟೆಯಲ್ಲಿ ಹೂವು ಕಟ್ಟಿ ಮಾರುವ ಅಜ್ಜಿ ನಿಂಗಮ್ಮನ ಜೊತೆಗಿದ್ದಳು. ಅವಳ ಕೂದಲು ತಂದೆಯದು. ಸುರುಳಿ ಸುರುಳಿ, ಒತ್ತೊತ್ತು. ಟೇಪು ಕಟ್ಟಿದರೆ ಅರ್ಧ ಗಂಟೆಯಲ್ಲಿ ಜಾರಿ ನೆಲಕ್ಕೆ.

"ನಿನ್ ತಲೇಲಿ ಗುಬ್ಬಿ ಗೂಡ್ ಕಟ್ಟ್ಯದೆ ಕಣಮ್ಮಿ" ಎಂದು ಹುಡುಗಿಯರು ಕಿಚಾಯಿಸುತ್ತಿದ್ದರು.

"ಕಟ್ಲಿ ಬುಡು. ನಿನ್ ತಲೇಲಿ ಬರೀ ಹೇನವೆ" ಎನ್ನುತ್ತಿದ್ದಳು ಇವಳು.

ನಮ್ಮ ಕಡೆಯ ಬಿಸಿಲು ಯಾರನ್ನೂ ಬೆಳ್ಳಗೆ ಉಳಿಸುವುದಿಲ್ಲ. ಆದರೂ ನಮ್ಮ ಕಪ್ಪಿನಲ್ಲಿ ಎಷ್ಟೊಂದು ಮೆಟ್ಟಿಲು! ಎಣ್ಣೆಗೆಂಪು, ಎಣ್ಣೆಗಪ್ಪು, 'ಸ್ವಲ್ಪ ಬಣ್ಣ ಕಮ್ಮಿ, ಆದ್ರೆ ಲಕ್ಷಣವಾಗಿದಾಳೆ'. ಈ ಕೊನೆಯ ಮೆಟ್ಟಿಲು ನನ್ನದೇ. ನನ್ನನ್ನು ನೋಡಲು ಗಂಡಿನ ಕಡೆಯವರು ಬಂದ ದಿನ ನಮ್ಮ ಸೋದರತ್ತೆ ನನ್ನ ಮುಖಕ್ಕೆ ಗೋಡೆಗೆ ಸುಣ್ಣ ಬಳಿದಂತೆ ಪೌಡರ್ ಬಳಿದಿದ್ದರು. ಹುಡುಗನ ತಾಯಿ ಜಾಣೆ. ಕಾಫಿ ಲೋಟ ತೆಗೆದುಕೊಳ್ಳುವ ನೆಪದಲ್ಲಿ ನನ್ನ ಮೊಣಕೈ ನೋಡಿದರು. ಸಂಬಂಧ ಅಲ್ಲಿಗೇ ಮುಗಿಯಿತು. ಇಷ್ಟೆಲ್ಲ ಅನುಭವಿಸಿದವಳಿಗೆ ಬುದ್ಧಿ ಬಂದಿರಬೇಕಲ್ಲವೇ? ಬರಲಿಲ್ಲ. ನನಗಿಂತ ಕೆಳಗೊಂದು ಮೆಟ್ಟಿಲು ಸಿಕ್ಕಿತು, ಅಷ್ಟೆ.

ಜನವರಿಯಲ್ಲಿ ಚಾಮರಾಜನಗರದ ಜಿಲ್ಲಾ ಪಥಸಂಚಲನಕ್ಕೆ ತಂಡ ಆರಿಸಬೇಕಾಗಿತ್ತು. ಹೆಜ್ಜೆ ಹಾಕುವುದರಲ್ಲಿ ವನಿತಳನ್ನು ಮೀರಿಸುವವರಿರಲಿಲ್ಲ. ನಾನು ಅವಳನ್ನು ತಂಡದಿಂದ ಕೈಬಿಟ್ಟೆ.

"ಹೆಜ್ಜೆ ತಪ್ಪಿದ್ನಾ ಟೀಚರ್?"

"ಇಲ್ಲ. ಸಾಲು ಒಂದೇ ತರ ಕಾಣ್ಬೇಕು. ನಿನ್ ಜಡೆ ನಿಲ್ಲಲ್ಲ."

ಕಾರಣ ಬರೀ ಜಡೆಯಾಗಿರಲಿಲ್ಲ. ದೊಡ್ಡವರ ಮುಂದೆ 'ಇವಳ್ಯಾರು' ಎಂಬ ಪ್ರಶ್ನೆ ಬರುವುದು ನನಗೆ ಬೇಡವಾಗಿತ್ತು. ಇದನ್ನು ಇಷ್ಟು ನೇರವಾಗಿ ಹೇಳಲು ನನಗೆ ಇಷ್ಟು ವಯಸ್ಸಾಗಬೇಕಾಯಿತು.

ಮರುದಿನ ಪ್ರಾರ್ಥನೆಗೆ ಮೊದಲೇ ನಿಂಗಮ್ಮ ಮೊಮ್ಮಗಳ ಕೈ ಹಿಡಿದು ಬಂದರು. ಹುಡುಗಿಯನ್ನು ನನ್ನ ಕೋಣೆಯ ಮೆಟ್ಟಿಲ ಮೇಲೆ ಕೂರಿಸಿ, "ನೀವೇ ಆಕ್ಕೊಡಿ ಟೀಚರಮ್ಮ, ನಿಮ್ಮ ಕಾನೂನಿನ್ ಜಡೆಯ" ಎಂದರು.

ನಾನು ಬಿಡುವವಳೇ? ಬಾಚಣಿಗೆ ತೆಗೆದೆ. ಎಳೆದೆ. ವನಿತಳ ಕಣ್ಣಿಂದ ನೀರು ಇಳಿಯಿತು. ಇನ್ನೊಮ್ಮೆ ಎಳೆದಾಗ ಬಾಚಣಿಗೆಯ ನಾಲ್ಕು ಹಲ್ಲು ಮುರಿದು ನನ್ನ ಮಡಿಲಿಗೆ ಬಿದ್ದವು.

"ಸಾಕ್ ಬುಡಿ" ಎಂದರು ನಿಂಗಮ್ಮ. "ಕೂದ್ಲು ಮಾತ್ ಕೇಳಲ್ಲ ಅಂತ ಮಗೀನ ಹೊರಕ್ಕಾಕುದ್ರೆ ಎಂಗವ್ವ? ನಾ ದಿನಾ ನಾಕ್ ಗಂಟ್ಗೇ ಏಳ್ತೀನಿ. ಮೊದ್ಲು ಇವ್ಳ ತಲೆ, ಆಮ್ಯಾಕೆ ಹೂವು."

ಐದಕ್ಕೆ ಏಳುವುದನ್ನೇ ದೊಡ್ಡ ಸಾಧನೆ ಎಂದುಕೊಂಡಿದ್ದ ನಾನು ಪಕ್ಕಕ್ಕೆ ಸರಿದು ಜಾಗ ಬಿಟ್ಟೆ. ಆಕೆ ಅಂಗೈಗೆ ಹರಳೆಣ್ಣೆ ಸುರಿದುಕೊಂಡು, ಬಾಚಣಿಗೆ ಮುಟ್ಟದೆ, ಬೆರಳಲ್ಲೇ ಕೂದಲು ಬಿಡಿಸಿ, ಮಲ್ಲಿಗೆ ಮೊಗ್ಗನ್ನು ಒತ್ತೊತ್ತಾಗಿ ಪೋಣಿಸುವಂತೆ ನೆತ್ತಿಯಿಂದ ಕತ್ತಿನವರೆಗೆ ಸಣ್ಣ ಸಣ್ಣ ಜಡೆ ಹೆಣೆದರು. ಹನ್ನೊಂದು ಜಡೆ. ನನ್ನ ಯಾವ ಪಥಸಂಚಲನದಲ್ಲೂ ಅಷ್ಟು ನೆಟ್ಟಗಿನ ಸಾಲು ನಾನು ಕಂಡಿರಲಿಲ್ಲ.

ವನಿತಳನ್ನು ಮುಂದಿನ ಸಾಲಿನ ಬಲತುದಿಗೆ ನಿಲ್ಲಿಸಿದೆ. ಉಳಿದವರು ಅವಳನ್ನು ನೋಡಿ ಹೆಜ್ಜೆ ಹಾಕುವ ಜಾಗ ಅದು.

ಕಥೆ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿರುತ್ತಿತ್ತು. ಚಾಮರಾಜನಗರದ ಮೈದಾನದಲ್ಲಿ ಉಸ್ತುವಾರಿಯ ಹಿರಿಯರೊಬ್ಬರು ಬಂದು, "ಈ ಹುಡುಗಿ ಎಲ್ಲಿಯವಳು?" ಎಂದು ಕೇಳಿದರು. ನಾನು ಗಡಿಬಿಡಿಯಿಂದ, "ತಾಯಿ ನಮ್ಮವರೇ ಸಾರ್, ಕುದೇರಿನ ಕಡೆ" ಎಂದೆ. "ಹಂಗಾದ್ರೆ ಸರಿ" ಎಂದು ಅವರು ಹೋದರು. ಹುಡುಗಿಯನ್ನು ಕಾಪಾಡಿದೆ ಎಂದು ಬೀಗಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದ ವನಿತಾ ಮೆಲ್ಲಗೆ ಹೇಳಿದಳು: "ಟೀಚರ್, ನಂಗೆ ಅಪ್ಪಾನೂ ಇದ್ರು."

"ಕೈ ಕಿಟಕಿಯಿಂದ ಹೊರಗೆ ಹಾಕ್ಬೇಡ" ಎಂದೆ. ಅವಳ ಕೈ ಮಡಿಲಲ್ಲೇ ಇತ್ತು.

ಈಗ ಅವಳು ಮೈಸೂರಿನಲ್ಲಿ ಡ್ರಿಲ್ ಟೀಚರ್. ಪ್ರತಿ ವರ್ಷ ಮರೆಯದೆ ಫೋನ್ ಮಾಡುತ್ತಾಳೆ. ಅಜ್ಜಿ ನಿಂಗಮ್ಮ ಹೋಗಿ ಬಹಳ ಕಾಲವಾಯಿತು. ನಾನು ಕಲಿಸಿದ ಮಕ್ಕಳಿಗಿಂತ ನನಗೆ ಕಲಿಸಿದ ಈ ಇಬ್ಬರ ಋಣವೇ ದೊಡ್ಡದು ಎಂದು ಎಣ್ಣೆ ಹಿಡಿದು ಮನೆಗೆ ಬರುವ ದಾರಿಯುದ್ದಕ್ಕೂ ಅನ್ನಿಸಿತು. ಚಪ್ಪಲಿ ಬಿಟ್ಟವಳೇ ಈ ಸಲ ನಾನೇ ಫೋನ್ ಮಾಡಿದೆ.

"ವನಿತಾ, ನಿಮ್ಮ ತಂದೆಯವರ ಹೆಸರೇನಮ್ಮ? ನಾನು ಕೇಳಲೇ ಇಲ್ಲ."

"ಮ್ವಾಂಗಿ. ಯಾಕೆ ಟೀಚರ್?"

"ಅವತ್ತು ಮೈದಾನದಲ್ಲಿ ಹೇಳಬೇಕಾಗಿತ್ತು."

"ಈಗ ಹೇಳಿ."

ನೋವಿನ ಮೊಣಕಾಲು ಹಿಡಿದು ಎದ್ದು ನಿಂತೆ. ಇಂಥದ್ದನ್ನು ಕೂತು ಹೇಳಿ ನನಗೆ ಅಭ್ಯಾಸವಿಲ್ಲ. "ವನಿತಾ. ತಾಯಿ ಕುದೇರಿನವರು. ತಂದೆ ಕೀನ್ಯಾದ ಮ್ವಾಂಗಿ. ಊರು ಗುಂಡ್ಲುಪೇಟೆ."

ಆ ಕಡೆಯಿಂದ ನಗುವೋ ಅಳುವೋ, ಗೊತ್ತಾಗಲಿಲ್ಲ.

"ಇನ್ನೊಂದ್ಸಲ ಹೇಳಿ ಟೀಚರ್" ಎಂದಳು.

ಹೇಳಿದೆ.