ಮುಂಬಯಿಯ ಗಲ್ಲಿಗೆ ಸೀರೆ ಉಡಿಸಿದ್ದು

ಹುನ್ನೂರಿನಿಂದ ಹೊರಟ ಬೆಳಿಗ್ಗೆ ನಮ್ಮಲ್ಲಿ ಒಂದು ಹನಿ ಮಳೆ ಇರಲಿಲ್ಲ. ಅವ್ವ ಮಾತ್ರ ಆಕಾಶ ನೋಡಿ, "ಮ್ಯಾಲೆ ಮಹಾರಾಷ್ಟ್ರದಾಗ ಸುರಿಯಾಕತ್ತೈತಿ, ಹೊಳಿ ಕೆಂಪಾಗೇತಿ," ಎಂದಳು. ನಾನು ಮುಧೋಳದ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವವಳು. ಆದರೂ ಮಳೆಯ ವಿಷಯಕ್ಕೆ ಅವ್ವನಿಂದ ಪಾಠ ಹೇಳಿಸಿಕೊಳ್ಳುವುದು ನನ್ನ ಹಣೆಬರಹ.

ತಂಗಿ ಕಸ್ತೂರಿ ಮುಂಬಯಿಯ ಕುರ್ಲಾದಲ್ಲಿದ್ದಳು. ಅವಳ ಗಂಡ ಮಾಳಪ್ಪನಿಗೆ ಅಂಧೇರಿಯ ಬಟ್ಟೆ ಗೋದಾಮಿನಲ್ಲಿ ಕೆಲಸ. ಅವಳಿಗೆ ಏಳು ತಿಂಗಳು ತುಂಬಿತ್ತು. ಅಲ್ಲಿಗೆ ಹೋಗಿ ಸೀಮಂತದ ಕುಬಸ ಮಾಡಿ, ಹಸಿರು ಸೀರೆ ಉಡಿಸಿ, ಬಳೆ ಇಡಿಸಿ, ಹೆರಿಗೆಗೆ ತವರಿಗೆ ಕರೆತರಬೇಕಿತ್ತು. ಚೀಲಗಳಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಕರದಂಟು, ತೆಂಗಿನಕಾಯಿ ಎಲ್ಲ ಇದ್ದವು. ಬೀರೇಶ್ವರನ ಗುಡಿಯ ಅರಿಸಿನದ ಭಂಡಾರವನ್ನು ಅವ್ವ ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡಿದ್ದಳು.

ಸೀರೆಗಾಗಿ ಬನಹಟ್ಟಿಯಲ್ಲಿ ಇಳಿದೆವು. ಮಗ್ಗದ ಸದ್ದು ಕೇಳುವ ಓಣಿಯ ಅಂಗಡಿಯಲ್ಲಿ ಅವ್ವ ಅಂಚು ನೋಡಲಿಲ್ಲ, ಬಣ್ಣವನ್ನೂ ಕೇಳಲಿಲ್ಲ. ಸೀರೆಯ ಒಂದು ತುದಿಯನ್ನು ಅಂಗಡಿಯವನ ಕೈಗೆ ಕೊಟ್ಟು ಇನ್ನೊಂದನ್ನು ತಾನು ಹಿಡಿದು, "ಎಳಿ ನೋಡೂಣು," ಎಂದಳು. ಅವನು ನಾಚಿಕೊಂಡು ಎಳೆದ. "ಉಂಡಿಲ್ಲೇನೋ? ಜಗ್ಗಿ ಎಳಿ!" ಎಂದು ಗದರಿದಳು. ಮೂರನೆಯ ಸೀರೆ ಹಗ್ಗದ ಹಾಗೆ ಬಿಗಿದು ನಿಂತಾಗ ಅವ್ವನಿಗೆ ಸಮಾಧಾನವಾಯಿತು. ಈ ಮಲ್ಲಯುದ್ಧದಲ್ಲಿ ಮಿರಜಿನ ಬಸ್ಸು ಒಂದು ತಪ್ಪಿಹೋಯಿತು. ಮುಂದಿನದರಲ್ಲಿ ನಿಂತೇ ಹೋದೆವು.

ಮಿರಜಿನಿಂದ ರೈಲು. ಲೋಣಾವಳದ ಘಾಟಿನಲ್ಲಿ ಮಳೆ ಹಿಡಿಯಿತು, ಬಿಡಲಿಲ್ಲ. ಮರುದಿನ ಬೆಳಿಗ್ಗೆ ಕುರ್ಲಾದಲ್ಲಿ ಚಾಳಿನ ಮೊದಲ ಮಹಡಿಯ ಖೋಲಿಗೆ ನಾವು ಸೇರಿದಾಗ ಮಾಳಪ್ಪ ಡಬ್ಬಿ ಕಟ್ಟಿಕೊಂಡು ಹೊರಟಿದ್ದ. "ಅತ್ತಿಯವರ, ಇವತ್ತೊಂದಿನ ಹೋಗಿ ರಜಾ ಹೇಳಿ ಬರ್ತೀನ್ರಿ. ನಾಳಿಗೆ ಕುಬಸ ಮಾಡೂಣು," ಎಂದು ನಗುತ್ತ ಮೆಟ್ಟಿಲಿಳಿದ.

ಮಧ್ಯಾಹ್ನಕ್ಕೆ ಮಳೆ ಮಾತೇ ಕೇಳಿಸದಷ್ಟು ಜೋರಾಯಿತು. ಮೊದಲು ಗಟಾರ ತುಂಬಿತು, ಆಮೇಲೆ ಗಲ್ಲಿ, ಆಮೇಲೆ ಕೆಳಗಿನ ಮನೆಗಳು. ಕೆಳಮನೆಯ ಶೇವಂತಾ ಕಾಕು ಗ್ಯಾಸ್ ಒಲೆ, ಅಕ್ಕಿ ಡಬ್ಬಿ, ಗೋಡೆಯ ಗಣಪತಿ ಸಮೇತ ನಮ್ಮ ಖೋಲಿಗೆ ಬಂದರು. ಅವರು ಸೊಲ್ಲಾಪುರದ ಕಡೆಯವರು. ಅರ್ಧ ಕನ್ನಡ, ಅರ್ಧ ಮರಾಠಿ, ಪೂರ್ತಿ ಧೈರ್ಯ. ಇನ್ನೆರಡು ಸಂಸಾರಗಳೂ ಹತ್ತಿ ಬಂದವು. ಹತ್ತಡಿ ಖೋಲಿಯಲ್ಲಿ ಜಾತ್ರೆಯಷ್ಟು ಮಂದಿ. ಕಾಕು ಖಿಚಡಿಗಿಟ್ಟರು, ನಾವು ಶೇಂಗಾ ಹಿಂಡಿಯ ಚಟ್ನಿಪುಡಿ ಹಂಚಿದೆವು. ಖಾರಕ್ಕೆ ಮೂಗು ಸೊರ್ರೆನ್ನುತ್ತಿದ್ದರೂ ಎಲ್ಲರೂ ಮತ್ತೊಮ್ಮೆ ಕೈ ಒಡ್ಡಿದರು.

ಅವ್ವ ಮಾತ್ರ ಉಣ್ಣಲಿಲ್ಲ. ಕಿಟಕಿಯಿಂದ ಕೆಳಗೆ ನೋಡಿ, ಗಂಭೀರವಾಗಿ ಕೇಳಿದಳು: "ಕಾಕು, ಇಲ್ಲಿ ಮನಿಗೋಳಿಗೆ ನಂಬರ ಹಾಕ್ಯಾರೇನು?"

"ಕಸಲಾ, ಎಂಥಾ ನಂಬರ?"

"ಮುಳುಗೋ ಮನಿ ನಂಬರರೀ. ಹೊಸಾ ಊರು ಎಲ್ಲಿ ಕೊಡ್ತಾರಂತ? ಶಾಂತಾ, ಏಳ, ಮೊದಲ ಬಾಗಿಲ ಚೌಕಟ್ಟ ಬಿಚ್ಚೂಣು. ಆಮ್ಯಾಲೆ ಸಿಗೂದಿಲ್ಲ," ಎಂದು ನನ್ನನ್ನು ಎಬ್ಬಿಸಿದಳು.

ಬಾಡಿಗೆ ಖೋಲಿಯ ಚೌಕಟ್ಟು! ನನಗೆ ನಗು ತಡೆಯಲಾಗಲಿಲ್ಲ. ಆದರೆ ಅವ್ವನದು ತಮಾಷೆಯಲ್ಲ. ಅವಳ ತವರು ಬೀಳಗಿ ಕಡೆ ಹೊಳೆದಂಡೆಯ ಹಳ್ಳಿ. ಆಲಮಟ್ಟಿಯ ಹಿನ್ನೀರು ಬರುವ ಮುಂಚೆ ಅಲ್ಲಿ ಗೋಡೆಗಳಿಗೆ ನಂಬರು ಬರೆದಿದ್ದರು. ಜನ ಚೌಕಟ್ಟು, ತೊಲೆ ಕಿತ್ತುಕೊಂಡು ಗುಡ್ಡದ ಮೇಲಿನ ಹೊಸ ಊರಿಗೆ ಹೋದರು. ನೀರು ಬಂತು, ಮತ್ತೆ ಹೋಗಲಿಲ್ಲ. ಮನೆಗೆ ನುಗ್ಗಿದ ನೀರು ತಿರುಗಿ ಹೋಗುವುದನ್ನು ಅವ್ವ ನೋಡಿಯೇ ಇರಲಿಲ್ಲ.

ಕಾಕು ಬಿದ್ದು ಬಿದ್ದು ನಕ್ಕರು. "ಅಹೋ, ಇದು ಸಮುದ್ರದ ನೀರಿನ ಆಟ. ಭರತಿ ಇದ್ದಾಗ ತುಂಬತದ, ಓಹೋಟಿ ಬಂದ್ರ ಇಳೀತದ. ನಾಳೆ ನಾವು ಕೆಳಗ ಕಸಾ ಬಳಿತೀವಿ ನೋಡ್ರಿ!" ಉಬ್ಬರ ಇಳಿತದ ವಿಷಯ ನಾನೂ ಸೇರಿಸಿದೆ. ಅವ್ವ ನಂಬಲಿಲ್ಲ. "ಎಲ್ಲಾ ಸಾಹೇಬ್ರೂ ಹಿಂಗ ಹೇಳ್ತಾರ," ಎಂದಳು.

ಸಂಜೆಯಾದರೂ ಮಾಳಪ್ಪ ಬರಲಿಲ್ಲ. ಲೋಕಲ್ ರೈಲುಗಳು ನಿಂತಿದ್ದವು, ಫೋನು ಸತ್ತಿತ್ತು. ಕಸ್ತೂರಿ ಕಿಟಕಿ ಬಿಟ್ಟು ಕದಲಲಿಲ್ಲ. ಗಲ್ಲಿಯ ಬಾಯಲ್ಲಿ ನೀರು ಎದೆಮಟ್ಟ ಹರಿಯುತ್ತಿತ್ತು. ನೀರು ಇಳಿಯಲೆಂದು ಯಾರೋ ಅಲ್ಲೇ ಗಟಾರದ ಮುಚ್ಚಳ ತೆಗೆದಿದ್ದರು. ತೆರೆದ ಬಾಯಿ ಎಲ್ಲಿದೆಯೆಂದು ದಾಟುವವರಿಗೆ ಕಾಣುತ್ತಿರಲಿಲ್ಲ. ಮಾಳಪ್ಪ ಮನೆಗೆ ಬರಬೇಕಾದರೆ ಅದರ ಪಕ್ಕದಲ್ಲೇ ಬರಬೇಕು. ಆ ರಾತ್ರಿ ಯಾರಿಗೂ ನಿದ್ದೆ ಇಲ್ಲ. ನನಗೂ ಖರೆ ಹೆದರಿಕೆಯಾಗಿತ್ತು.

ಬೆಳಕು ಹರಿಯುತ್ತಲೇ ಅವ್ವ ಮುಖ ತೊಳೆದು, ಚೀಲದಿಂದ ಹಸಿರು ಸೀರೆ ತೆಗೆದಳು.

"ಅದ್ಯಾಕವ್ವಾ?"

"ಗಂಗವ್ವ ಮನಿ ಬಾಗಿಲಿಗೆ ಬಂದಾಳ. ಬರಿಗೈಲೆ ನಿಂದರಸಬಾರದು. ಸೀರಿ ಉಡಸ್ತೀನಿ, ಅಳಿಯಾನ್ನ ಕೊಡು ಅಂತೀನಿ."

ಹೊಳೆ ತುಂಬಿದಾಗ ನಮ್ಮವರು ಹೀಗೆ ಮಾಡುವುದುಂಟು. ಸೀರೆಯ ಒಂದು ತುದಿಯನ್ನು ದಂಡೆಯ ಗಿಡಕ್ಕೆ ಕಟ್ಟಿ, ಉಳಿದದ್ದನ್ನು ಹರಿವಿಗೆ ಬಿಟ್ಟು, ಕಾಯಿ ಒಡೆಯುತ್ತಾರೆ. ಆದರೆ ಅದು ಕೃಷ್ಣೆಗೆ. ಇದು ಕುರ್ಲಾದ ಗಟಾರದ ನೀರು, ಮೇಲೆ ಚಪ್ಪಲಿ, ಪ್ಲಾಸ್ಟಿಕ್ ಕೊಡ, ಯಾರದೋ ತಲೆದಿಂಬು ತೇಲುತ್ತಿದ್ದವು. "ಅವ್ವಾ, ಇದು ಕುಬಸದ ಸೀರಿ! ನಾರತೈತಿ ಆ ನೀರು!" ಎಂದೆ. "ನಾರಿದ್ರೂ ಗಂಗವ್ವ ಗಂಗವ್ವನ. ನೀ ಸುಮ್ಮ ಕೂಡ," ಎಂದು ಕಸ್ತೂರಿಯ ಕಡೆ ನೋಡಿದಳು. "ಕೊಡಬೇ, ಕೊಟ್ಟುಬಿಡು," ಎಂದಳು ಅವಳು.

ಅವ್ವ ಮೆಟ್ಟಿಲಿನ ಕಬ್ಬಿಣದ ಸರಳಿಗೆ ಸೆರಗನ್ನು ದನ ಕಟ್ಟುವ ಗಂಟಿನಿಂದ ಬಿಗಿದಳು. ಭಂಡಾರ ಚೆಲ್ಲಿ ಸೀರೆ ಬಿಟ್ಟಳು. ಎಂಟು ಗಜದ ಹಸಿರು ನೀರಿನ ಮೇಲೆ ಬಿಚ್ಚಿಕೊಳ್ಳುತ್ತ ಗಲ್ಲಿಯ ಬಾಯಿಗೆ ಹೋಯಿತು. ಎದುರು ಚಾಳಿನವರು ಕಿಟಕಿಯಲ್ಲಿ ನಿಂತು ನಕ್ಕರು. ಅವ್ವ ಕಣ್ಣು ಮುಚ್ಚಿ ಕೈ ಮುಗಿದಿದ್ದಳು.

ಅಷ್ಟರಲ್ಲಿ ತಲೆಯ ಮೇಲೆ ಬ್ಯಾಗು ಹೊತ್ತ ಒಬ್ಬ ಗೃಹಸ್ಥ ದಾಟುತ್ತ ಜಾರಿ, ತೇಲುತ್ತಿದ್ದ ಸೀರೆಯನ್ನು ಗಪ್ಪನೆ ಹಿಡಿದುಕೊಂಡ. ಅವ್ವ ಕಣ್ಣು ಬಿಟ್ಟು ಕೂಗಿದಳು, "ಏ ಖೋಡಿ! ದೇವೀ ಸೀರಿ ಐತಿ, ಕೈ ಬಿಡೋ!" ಅವನಿಗೆ ಕನ್ನಡ ಬಾರದು, ಬಂದಿದ್ದರೂ ಬಿಡುತ್ತಿರಲಿಲ್ಲ. ಸೀರೆ ಬನಹಟ್ಟಿಯಲ್ಲಿ ನಿಂತಂತೆಯೇ ಬಿಗಿದು ನಿಂತಿತು. ಅವನು ಅದನ್ನೇ ಹಿಡಿದು ಗಟಾರದ ಬಾಯಿಯಿಂದ ದೂರ ಬಂದು ಮೆಟ್ಟಿಲು ಹತ್ತಿದ, ಅವ್ವನ ಕಾಲು ಮುಟ್ಟಿದ. ಅವ್ವನ ಬೈಗುಳ ಬಾಯಲ್ಲೇ ಉಳಿಯಿತು.

"ತಾಯಿ, ಆ ತುದಿ ಅಲ್ಲಿ ಕಟ್ಟಿಸ್ರಿ!" ಎಂದರು ಕಾಕು. ಎದುರಿನ ಕಿರಾಣಿಯವನು ಇಳಿದು, ಇನ್ನೊಂದು ತುದಿಯನ್ನು ತನ್ನ ಅಂಗಡಿಯ ಕಬ್ಬಿಣದ ಜಾಲರಿಗೆ ಕಟ್ಟಿದ. ಅಲ್ಲಿಂದ ಒಬ್ಬೊಬ್ಬರಾಗಿ ಸೀರೆ ಹಿಡಿದು ದಾಟಿದರು. ರಾತ್ರಿಯೆಲ್ಲ ನಡೆದುಬಂದ ಆಫೀಸಿನವರು, ನರ್ಸಮ್ಮ, ಭುಜದ ಮೇಲೆ ಮುದುಕಿಯನ್ನು ಹೊತ್ತ ಒಬ್ಬ ಪೊಲೀಸಪ್ಪ. ಬಂದವರಿಗೆಲ್ಲ ಕಸ್ತೂರಿ ಕರದಂಟು ಕೊಟ್ಟಳು. ಪ್ರತಿ ಮುಖವನ್ನೂ ನೋಡಿ, ಗಂಡನಲ್ಲವೆಂದು ಮತ್ತೆ ದಾರಿ ನೋಡುತ್ತಿದ್ದಳು.

ಬಿಸಿಲು ಸಣ್ಣಗೆ ಇಣುಕುವ ಹೊತ್ತಿಗೆ ಸೀರೆ ಹಿಡಿದು ಬಂದವನ ತಲೆಯ ಮೇಲೆ ಊಟದ ಡಬ್ಬಿ ಇತ್ತು. ಕೆಸರಿನಲ್ಲಿ ಅವನ ಹಲ್ಲು ಮಾತ್ರ ಬೆಳ್ಳಗೆ ಕಂಡವು. "ಯಾರ ಸೀರೀರೀ ಇದು? ಕಾಲ ತಪ್ಪಿ ಹೊಂಟಿದ್ನಿ, ಕೈಯಾಗ ಬಂತು ನೋಡ್ರಿ!" ಎಂದ ಮಾಳಪ್ಪ.

"ನಂದು!" ಎಂದು ಕಸ್ತೂರಿ ಹೋ ಎಂದು ಅತ್ತಳು. "ಕುಬಸದ ಸೀರಿ ನಂದು! ನಿನ್ನೇ ಬರ್ತೀನಿ ಅಂದಿದ್ದಿಲ್ಲೋ ಹಲ್ಕಟ್!" ಗಂಡನನ್ನು ಹಾಗೆ ಬೈದಾಗ ಅವ್ವ ತಡೆಯದೇ ಇದ್ದದ್ದು ಅದೊಂದೇ ಸಲ.

ಮಧ್ಯಾಹ್ನದ ಹೊತ್ತಿಗೆ ನೀರು ಇಳಿಯತೊಡಗಿತು. ಮೊದಲ ಮೆಟ್ಟಿಲು ಕಂಡಿತು, ಆಮೇಲೆ ಕಾಕು ಮನೆಯ ಹೊಸ್ತಿಲು. ಅವ್ವ ಕೆಳಗಿಳಿದು ಒದ್ದೆ ಹೊಸ್ತಿಲನ್ನು ಕೈಯಿಂದ ಮುಟ್ಟಿದಳು. "ಹೋತೇನು? ಖರೇನ ಹೋತೇನು ಶಾಂತಾ?" ಎಂದವಳು ಅಲ್ಲೇ ಕೂತು ಅತ್ತುಬಿಟ್ಟಳು. ತವರು ಮುಳುಗಿದಾಗಲೂ ಅವಳು ಅತ್ತದ್ದನ್ನು ನಾನು ಕಂಡಿರಲಿಲ್ಲ. ಕಾಕು ಕಸಬರಿಗೆಯನ್ನು ಅವಳ ಕೈಗಿಟ್ಟು, "ಹೇಳಿದ್ನೋ ಇಲ್ಲೋ? ಈಗ ಬಳೀರಿ!" ಎಂದರು. ಇಬ್ಬರೂ ಸಂಜೆಯವರೆಗೆ ಕೆಸರು ಬಳಿದರು.

ಸೀರೆಯನ್ನು ಮೂರು ಸಲ ತೊಳೆದರೂ ನಡುವಿನಲ್ಲಿ ಕಂದು ಪಟ್ಟೆ ಉಳಿಯಿತು. ಬೇರೆ ಸೀರೆ ತರೋಣವೆಂದರೆ ಕಸ್ತೂರಿ ಒಪ್ಪಲಿಲ್ಲ. ಅದನ್ನೇ ಉಡಿಸಿ ಕುಬಸ ಮಾಡಿದೆವು. ಇಡೀ ಚಾಳು ಆರತಿಗೆ ಬಂದಿತ್ತು, ಕಾಲು ಮುಟ್ಟಿದ ಬ್ಯಾಗಿನ ಗೃಹಸ್ಥ ಮನೆಮಂದಿಯೊಂದಿಗೆ ಹಾಜರು.

ರೈಲು ಶುರುವಾದ ಮೇಲೆ ಊರಿಗೆ ಹೊರಟೆವು. ಮಿರಜಿನ ದಾರಿಯಲ್ಲಿ ಇನ್ನೂ ನೀರೆಂದು ಕೇಳಿ ಸೊಲ್ಲಾಪುರ, ವಿಜಾಪುರದ ಮೇಲೆ ಬಂದೆವು. ಜಮಖಂಡಿಯ ಬಸ್ಸು ಚಿಕ್ಕಪಡಸಲಗಿಯ ಸೇತುವೆ ಹತ್ತಿದಾಗ, ನಮ್ಮ ರೈತರು ತಾವೇ ಕಟ್ಟಿದ ಬ್ಯಾರೇಜಿನ ಮೇಲೆ ಕೃಷ್ಣೆ ಕೆಂಪಗೆ ಹಾಯುತ್ತಿದ್ದಳು. ಅದೇ ನೀರು ಕೆಳಗೆ ಹೋಗಿ ಅವ್ವನ ತವರಿನ ಮೇಲೆ ನಿಲ್ಲುತ್ತದೆ. ಪ್ರತಿ ಸಲ ಇಲ್ಲಿ ಅವ್ವ ಮುಖ ತಿರುಗಿಸಿ ಕೂರುತ್ತಿದ್ದಳು. ಈ ಸಲ ಕಿಟಕಿಯ ಗಾಜು ಸರಿಸಿ, ಕಸ್ತೂರಿಯ ಸೆರಗಿನ ತುದಿಯನ್ನು ಹೊರಗೆ ಹಿಡಿದು ಹೊಳೆಗೆ ತೋರಿಸಿದಳು.

"ಕೃಷ್ಣವ್ವಾ, ಸಿಟ್ಟಾಗಬ್ಯಾಡ. ಈ ವರ್ಷದ್ದು ಮುಂಬೈಯಾಗ ನಿನ್ನ ತಂಗಿಗೆ ಉಡಿಸಿ ಬಂದೀನಿ. ಆಕಿ ಮನಿಗೆ ಬಂದ್ಲು, ಉಟ್ಲು, ಮರುದಿನ ಎದ್ದು ಹೋದ್ಲು. ನೀನೂ ಒಂದೀಟು ಆಕಿ ಕಡೆ ಕಲ್ಕೋ ಯವ್ವಾ."