ಅಕ್ಕೋರು ಹಾಕಿದ ಚಿಲಕ

ಮೊನ್ನೆ ಸೊಸೆ ಚಟ್ನಿಪುಡಿಗೆಂದು ಒಣಮೆಣಸಿನಕಾಯಿ ಹುರಿಯುತ್ತಿದ್ದಳು. ಘಾಟು ಎದ್ದಿತು ನೋಡಿ, ಅವಳು, ಮಗ, ಪಕ್ಕದ ಮನೆಯವರು, ಎಲ್ಲರೂ ಕೆಮ್ಮುತ್ತ ಅಂಗಳಕ್ಕೆ ಓಡಿದರು. ನಾನೊಬ್ಬಳೇ ಬಾಣಲೆಯ ಮುಂದೆ ಸುಮ್ಮನೆ ನಿಂತಿದ್ದೆ. ರಾಣೇಬೆನ್ನೂರಿಗೆ ಮದುವೆಯಾಗಿ ಬಂದು ಇಷ್ಟು ವರ್ಷವಾದರೂ ನನ್ನ ಮೂಗು ಇನ್ನೂ ಬ್ಯಾಡಗಿಯದೇ. ಆ ಊರಲ್ಲಿ ಹುಟ್ಟಿದವರಿಗೆ ಮೆಣಸಿನಕಾಯಿಯ ಘಾಟೇ ಗೊತ್ತಾಗುವುದಿಲ್ಲ ಎಂದು ಎಲ್ಲರೂ ತಮಾಷೆ ಮಾಡುತ್ತಾರೆ. ನನಗೆ ಆ ಮಾತಿಗೆ ನಗು ಬರುವುದಿಲ್ಲ. ಅಕ್ಕೋರು ನೆನಪಾಗುತ್ತಾರೆ, ಅಪ್ಪ ನೆನಪಾಗುತ್ತಾನೆ, ಹೊಟ್ಟೆಯೊಳಗೆ ಹಳೆಯ ಕಿಚ್ಚು ಮತ್ತೆ ಹೊತ್ತಿಕೊಳ್ಳುತ್ತದೆ...

ಅಕ್ಕೋರು ನಮ್ಮ ಓಣಿಯವರು. ಶಾಲೆ ಕಲಿಸುವ ಹೆಂಗಸರಿಗೆಲ್ಲ ನಮ್ಮ ಕಡೆ ಅಕ್ಕೋರು ಅನ್ನುತ್ತೇವೆ. ಆದರೆ ಓಣಿಯಲ್ಲಿ ಬರೀ ಅಕ್ಕೋರು ಅಂದರೆ ಇವರೊಬ್ಬರೇ. ಹೆಣ್ಣುಮಕ್ಕಳ ಶಾಲೆಯಿಂದ ನಿವೃತ್ತರಾಗಿದ್ದರು, ಅವರ ಸಿಟ್ಟಿಗೆ ಮಾತ್ರ ನಿವೃತ್ತಿ ಇರಲಿಲ್ಲ. ನಳದ ಮುಂದೆ ಪಾಳಿ ತಪ್ಪಿಸಿದವರ ಕೊಡವನ್ನು ಎತ್ತಿ ಗಟಾರದಲ್ಲಿ ಇಡುತ್ತಿದ್ದ ಹೆಂಗಸು ಅವರು. ಊರಿನ ದವಾಖಾನೆ ಸಂಘ ರೋಗಿಗಳಿಗೆ ಒಂದು ಗಾಡಿ ತರುತ್ತದೆ ಅಂದಾಗ ತಮ್ಮ ಮದುವೆಯ ಬಂಗಾರದ ಬಳೆ ಕೊಟ್ಟುಬಿಟ್ಟಿದ್ದರು. ನನ್ನ ಅಪ್ಪ ದರ್ಜಿ. ಕೊಡಲು ಬೇರೇನೂ ಇರಲಿಲ್ಲ. ಗಾಡಿಯ ಕಿಟಕಿಗೆ ಪರದೆ ಹೊಲಿದುಕೊಟ್ಟ. ರೋಗಿಗೆ ರಸ್ತೆಯ ಧೂಳು ತಾಗಬಾರದೆಂದು ದಪ್ಪ ಬಟ್ಟೆ, ಜೋಡಿ ಹೊಲಿಗೆ ಹಾಕಿದ್ದ.

ಸಂಘದ ಅಧ್ಯಕ್ಷರು ಮೆಣಸಿನಕಾಯಿ ದಲಾಲಿ ಅಂಗಡಿಯ ಸಾವಕಾರರು. ನಮ್ಮ ಕಡೆ ದನದ ಸಂತೆಯಲ್ಲಿ ದರ ಬಾಯಲ್ಲಿ ಹೇಳುವುದಿಲ್ಲ. ಇಬ್ಬರ ಕೈ ಮೇಲೆ ಟವೆಲ್ ಹೊದಿಸಿ, ಅದರ ಕೆಳಗೆ ಬೆರಳು ಒತ್ತಿ ವ್ಯಾಪಾರ ಮುಗಿಸುತ್ತಾರೆ. ಸುತ್ತ ನಿಂತವರಿಗೆ ಟವೆಲ್ ಅಲುಗುವುದಷ್ಟೇ ಕಾಣುತ್ತದೆ. ಸಾವಕಾರರು ದವಾಖಾನೆಯ ಸಭೆಯನ್ನೂ ಹೀಗೆಯೇ ನಡೆಸುತ್ತಿದ್ದರು. ತಮ್ಮ ಅಂಗಡಿಯ ಗಾದಿಯ ಮೇಲೆ ಕೂತು, ಪಕ್ಕದ ಸದಸ್ಯರೊಡನೆ ಟವೆಲ್ಲಿನ ಕೆಳಗೇ ಎಲ್ಲ ತೀರ್ಮಾನಿಸಿ, "ಪಾಸ್ ಆತು" ಅನ್ನುವರು. ಔಷಧ ಯಾರ ಅಂಗಡಿಯದು, ಗಾಡಿ ಎಲ್ಲಿ ಓಡಾಡುತ್ತದೆ, ಎಲ್ಲ ಆ ಟವೆಲ್ಲಿಗೇ ಗೊತ್ತು. ಬಾಗಿಲಾಚೆ ಕೂತ ದಾನಿಗಳಿಗೆ ಗಿರ್ಮಿಟ್ಟು, ಮಿರ್ಚಿ, ಚಹಾ. ತಿಂದು ಕೈ ಒರೆಸಿಕೊಂಡು ಬರುತ್ತಿದ್ದರು. ವ್ಯವಹಾರ ಅಂದರೆ ಹೀಗೇ ಎಂದು ನಾವೆಲ್ಲ ಹುಟ್ಟಿದಾಗಿನಿಂದ ನೋಡಿದ್ದೆವಲ್ಲ. ಬೇಲಿಯೇ ಎದ್ದು ಹೊಲ ಮೇಯುವಾಗಲೂ ನಾವು ಬೇಲಿಗೆ ಕೈ ಮುಗಿಯುತ್ತಿದ್ದೆವು.

ಎಂಬತ್ತರ ದಶಕದ ಕೊನೆಯ ಒಂದು ಸುಗ್ಗಿ ಅದು. ಊರೆಲ್ಲ ಮೆಣಸಿನಕಾಯಿ ಚೀಲ. ಅಪ್ಪನಿಗೆ ಮೊದಲಿನಿಂದ ದಮ್ಮಿನ ಕಾಯಿಲೆ. ಅಂದು ಬೆಳಿಗ್ಗೆ ಜೋರಾಯಿತು. ಹಾವೇರಿಗೆ ಒಯ್ಯಿರಿ ಅಂದರು ದವಾಖಾನೆಯಲ್ಲಿ. ಗಾಡಿ ಎಲ್ಲಿಗೋ ಹೋಗಿತ್ತು, ತಡವಾಗಿ ಬಂತು. ಅಪ್ಪನನ್ನು ಮಲಗಿಸಿ, ಚಳಿಗಾಳಿ ಬೇಡವೆಂದು ಪರದೆ ಎಳೆದು, ಬಾಗಿಲು ಹಾಕಿದೆವು. ಹೊರಟದ್ದೇ ತಡ, ಕೆಮ್ಮು ಹೆಚ್ಚಾಯಿತು. ಕಾಯಿಲೆಯೇ ಹಾಗೆ ಅಂದುಕೊಂಡೆ. ಅಪ್ಪ ತಾನೇ ಹೊಲಿದ ಪರದೆಯನ್ನು ಮುಷ್ಟಿಯಲ್ಲಿ ಹಿಡಿದು ಜಗ್ಗುತ್ತಿದ್ದ. ಜೋಡಿ ಹೊಲಿಗೆ, ಬಿಚ್ಚಲಿಲ್ಲ. ಮೋಟೆಬೆನ್ನೂರು ಬರುವಷ್ಟರಲ್ಲಿ ಆ ಕೈ ಸಡಿಲಾಯಿತು...

ಹಾವೇರಿಯಲ್ಲಿ ಗಾಡಿಯ ಬಾಗಿಲು ತೆಗೆದ ಡಾಕ್ಟರು ಮೊದಲು ಮಾಡಿದ ಕೆಲಸ ಸೀನಿದ್ದು. ಒಂದರ ಮೇಲೊಂದು ಸೀನು. "ಇದೇನು ಪೇಷಂಟ್ ಗಾಡಿಯೋ, ಮೆಣಸಿನಕಾಯಿ ಗೋದಾಮೋ?" ಅಂದರು. ಸ್ಟ್ರೆಚರಿನ ಕೆಳಗೆ ನೋಡಿದರೆ ಕೆಂಪು ಪುಡಿ, ಬೀಜ, ಒಡೆದ ಕಾಯಿ. ಅದರೊಳಗೇ ಕೂತು ಬಂದ ನನಗೆ, ಓಡಿಸಿಕೊಂಡು ಬಂದ ಡ್ರೈವರನಿಗೆ, ಘಾಟೇ ತಿಳಿದಿರಲಿಲ್ಲ. ಬೆಳಗಿನ ಹೊತ್ತು ಸಾವಕಾರರ ಚೀಲ ಹೊರುವ ಗಾಡಿ ಅದು ಎಂದು ಆಗ ಡ್ರೈವರನೇ ಹೇಳಿದ. ಬ್ಯಾಡಗಿಯ ಮೂಗಿಗೆ ತಿಳಿಯುವುದಿಲ್ಲ ಎಂಬ ಧೈರ್ಯದ ಮೇಲೆಯೇ ಅವರ ವ್ಯಾಪಾರ ನಡೆದಿತ್ತು. ಅಪ್ಪನ ಎದೆಗೆ ಮಾತ್ರ ತಿಳಿದಿತ್ತು.

ಮಣ್ಣು ಮುಗಿಸಿ ಬಂದ ಮೇಲೆ ಅಕ್ಕೋರಿಗೆ ಎಲ್ಲ ಹೇಳಿದೆ. ಅವರು ತಮ್ಮ ಬರಿಗೈಗಳನ್ನು ನೋಡಿಕೊಂಡರು. "ನನ್ನ ಬಂಗಾರದ ಬಳಿ ಮಾರಿ ತಂದ ಗಾಡಿ," ಅಂದರು. ನಾನು ಬಿಕ್ಕತೊಡಗಿದಾಗ ನನ್ನ ಗದ್ದ ಹಿಡಿದೆತ್ತಿದರು. "ಅಳಬ್ಯಾಡ. ಅತ್ರ ಸಿಟ್ಟು ಆರತೈತಿ."

ಅವರದೂ ಆರಲಿಲ್ಲ. ಸಂಘದ ವರ್ಷದ ಸಭೆ ಬರುವವರೆಗೆ ಕಾದರು. ಗಾಡಿಗೆಂದು ಏನಾದರೂ ಕೊಟ್ಟಿದ್ದವರ ಮನೆಮನೆಗೆ ಹೋಗಿ ಒಂದೇ ಮಾತು ಹೇಳಿದರು, "ನಿಮ್ಮ ಗಾಡಿ ನೋಡಾಕ ಬರ್ರಿ." ಹಾವೇರಿಯ ಆ ಡಾಕ್ಟರನ್ನೂ ಕರೆಸಿದರು. ಸಾವಕಾರರ ಅಂಗಡಿಯಲ್ಲಿ ಹಿಡಿಸಲಾರದಷ್ಟು ಜನ ಸೇರಿ, ಸಭೆ ತಾನಾಗಿಯೇ ದವಾಖಾನೆಯ ಅಂಗಳಕ್ಕೆ ಬಂತು. ಮಟಮಟ ಮಧ್ಯಾಹ್ನ. ಬೆಳಿಗ್ಗೆ ಚೀಲ ಇಳಿಸಿ ಬಂದ ಗಾಡಿ ಬಿಸಿಲಲ್ಲೇ ನಿಂತಿತ್ತು.

ಸಾವಕಾರರು ರೂಢಿಯಂತೆ ಟವೆಲ್ ಹೊದಿಸಿದರು. ಅಕ್ಕೋರು ಹೋಗಿ ಅದನ್ನು ಎಳೆದುಬಿಟ್ಟರು. ಒಂದರೊಳಗೊಂದು ಸಿಕ್ಕಿಕೊಂಡ ಎರಡು ಕೈ, ಊರವರೆದುರು, ಹಗಲು ಬೆಳಕಿನಲ್ಲಿ. ಯಾರೋ ನಕ್ಕರು. ಆ ನಗು ಕೇಳಿ ನನಗಾದ ಸುಖವನ್ನು ಏನೆಂದು ಹೇಳಲಿ.

"ಸಾವಕಾರ್ರ, ಈ ಗಾಡ್ಯಾಗ ಮೆಣಸಿನಕಾಯಿ ಹೇರ್ತೀರಂತ. ಖರೇ ಏನ್ರಿ?"

"ಯಾರ್ ಹೇಳ್ಯಾರ್ರಿ? ಒಂದ್ ಕಾಯಿನೂ ಹಾಕಿಲ್ಲ. ದೇವರಾಣಿ."

"ಹಂಗಾರ ಒಂದೀಟು ಒಳಗ ಮಲಗ್ರಿ. ಬಾಗ್ಲಾ ನಾನ ಹಾಕ್ತೀನಿ. ಸುಖಾಗಿ ಎದ್ದ ಬಂದ್ರ, ಇಲ್ಲೇ ಎಲ್ಲಾರ ಮುಂದ ನಿಮ್ಮ ಕಾಲ ಹಿಡೀತೀನಿ."

ಅಷ್ಟು ಜನರ ಮುಂದೆ ಒಲ್ಲೆ ಅನ್ನುವುದು ಹೇಗೆ? ರುಮಾಲು ಸರಿಮಾಡಿಕೊಂಡು ಹತ್ತಿ ಮಲಗಿದರು. ಅಕ್ಕೋರು ಅಪ್ಪನ ಪರದೆ ಎಳೆದು, ಬಾಗಿಲು ಮುಚ್ಚಿ, ಹೊರಗಿನಿಂದ ಚಿಲಕ ಹಾಕಿದರು. ಸಾವಕಾರರು ಬ್ಯಾಡಗಿಯವರೇನೋ ಹೌದು, ಆದರೆ ಗಾದಿಯ ಮೇಲೆ ಕೂತು ಮೆಣಸಿನಕಾಯಿ ಮಾರಿದವರು. ಚೀಲ ಹೊತ್ತ ಗಂಟಲಲ್ಲ. ಕಾದ ತಗಡಿನೊಳಗೆ ಘಾಟು ಏಳುತ್ತಿತ್ತೇನೋ. ಮೊದಲು ಒಂದು ಕೆಮ್ಮು ಕೇಳಿತು. ಆಮೇಲೆ ಕೆಮ್ಮು ನಿಲ್ಲಲೇ ಇಲ್ಲ. ಆಮೇಲೆ ಬಾಗಿಲು ಬಡಿಯುವ ಸದ್ದು. ಪರದೆ ಅಲುಗುತ್ತಿತ್ತು, ಒಳಗಿನಿಂದ ಯಾರೋ ಹಿಡಿದು ಜಗ್ಗಿದ ಹಾಗೆ.

ಡಾಕ್ಟರು ಮುಂದೆ ಬಂದರು. ಅಕ್ಕೋರು ಕೈ ಅಡ್ಡ ಹಿಡಿದು, ಚಿಲಕದ ಮೇಲೆ ಬೆರಳಿಟ್ಟು, ನನ್ನ ಕಡೆ ತಿರುಗಿದರು. "ತೆಗೀಲೇನು?"

"ಇನ್ನ ಮೋಟೆಬೆನ್ನೂರ ಬಂದಿಲ್ರಿ ಅಕ್ಕೋರ," ಅಂದೆ.

ಅಕ್ಕೋರು ನನ್ನನ್ನು ನೋಡುತ್ತಲೇ ನಿಂತರು. ಆಮೇಲೆ, ನನಗಷ್ಟೇ ಕೇಳುವ ಹಾಗೆ, "ಸತ್ರ ಪಾರಾಗ್ತಾನ ಹುಡುಗಿ. ಬಾಯಿಬಿಟ್ಟು ಹೇಳ್ಬೇಕಲ್ಲ," ಅಂದು ಚಿಲಕ ಸರಿಸಿದರು.

ಸಾವಕಾರರು ಇಳಿದು ಬಂದಾಗ ಕಣ್ಣು ಮೂಗು ಒಂದಾಗಿತ್ತು, ರುಮಾಲು ಒಳಗೇ ಬಿದ್ದಿತ್ತು. ನೀರು ನೀರು ಅಂದರು. ಅಕ್ಕೋರು ತಂಬಿಗೆ ತುಂಬಿಕೊಂಡು ಬಂದರು. "ಕುಡೀರಿ. ಉಪ್ಪು ತಿಂದವ್ರು ನೀರ ಕುಡೀಬೇಕ. ಮೊದ್ಲ ಹೇಳ್ರಿ." ಹೇಳಿದರು. ಎಲ್ಲ ಹೇಳಿದರು, ಟವೆಲ್ಲಿನ ಕೆಳಗಿನದನ್ನೂ.

ಅಂದೇ ಅಧ್ಯಕ್ಷಗಿರಿ ಹೋಯಿತು. ಮುಂದೆ ಅಕ್ಕೋರು ಇರುವವರೆಗೂ ಸಂಘದ ಸಭೆ ಅದೇ ಅಂಗಳದಲ್ಲಿ, ಗಟ್ಟಿ ಬಾಯಲ್ಲಿ ನಡೆಯಿತು. ಸಾವಕಾರರ ಮನೆಯಲ್ಲಿರುತ್ತಿದ್ದ ಗಾಡಿಯ ಕೀಲಿ ದವಾಖಾನೆಯ ಕಟ್ಟೆಯ ಮೇಲೆ, ಎಲ್ಲರಿಗೂ ಕಾಣುವ ಮೊಳೆಗೆ ಬಂತು. ರೋಗಿಯನ್ನು ಮಲಗಿಸುವ ಮೊದಲು ಬೇರೆ ಊರಿನವರು ಯಾರಾದರೂ ಸಿಕ್ಕರೆ ಒಳಗೆ ಹತ್ತಿಸಿ ಮೂಸಿಸುತ್ತಿದ್ದರು. ಬ್ಯಾಡಗಿಗೆ ಬಂದ ಅಳಿಯಂದಿರಿಗೆಲ್ಲ ಈ ಕೆಲಸ ತಪ್ಪುತ್ತಿರಲಿಲ್ಲ.

ಸಾವಕಾರರು ಆಮೇಲೂ ಬಹಳ ವರ್ಷ ಬದುಕಿದರು. ಅವರು ಸತ್ತ ಸುದ್ದಿ ಬಂದ ದಿನ ನಾನು ಹೋಳಿಗೆ ಮಾಡಿದೆ. ಸತ್ತವರ ಮೇಲೆ ಹಗೆ ಇರಬಾರದು ಅನ್ನುವವರು ಇದ್ದಾರೆ. ಅವರ ಅಪ್ಪಂದಿರು ತಮ್ಮ ಹಾಸಿಗೆಯ ಮೇಲೆ ಸತ್ತಿರುತ್ತಾರೆ. ಈಗ ದವಾಖಾನೆಗೆ ಹೊಸ ಕಟ್ಟಡ ಬಂದಿದೆ. ಗೋಡೆಯ ಮೇಲೆ ಮಾಲೆ ಹಾಕಿದ ಸಾವಕಾರರ ಫೋಟೋ ಇದೆ. ಅಕ್ಕೋರದಿಲ್ಲ. ಕೀಲಿಯ ಮೊಳೆಯೂ ಇಲ್ಲ. ಅಕ್ಕೋರು ಹೋಗಿ ಎಷ್ಟೋ ಕಾಲವಾಯಿತು... ಇದ್ದಿದ್ದರೆ ಆ ಮಾಲೆಯನ್ನೂ ಟವೆಲ್ ಎಳೆದ ಹಾಗೆ ಎಳೆಯುತ್ತಿದ್ದರು. ನನಗೆ ಆ ಧೈರ್ಯ ಇಲ್ಲ, ಹೀಗೆ ಬರೆಯುತ್ತೇನೆ.

ಹೋದ ವಾರ ಹಾವೇರಿಗೆ ಹೊರಟಿದ್ದೆ. ಮೋಟೆಬೆನ್ನೂರು ಹತ್ತಿರ ಬಂದಾಗ ಎಂದಿನಂತೆ ಬಸ್ಸಿನ ಕಿಟಕಿ ಪೂರ್ತಿ ತೆರೆದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗು ಹೊದ್ದುಕೊಂಡು, "ಥಂಡಿ ಐತ್ರಿ, ಹಾಕ್ರಿ," ಅಂದಳು.

"ತಡೀರಿ, ಈ ಊರೊಂದು ದಾಟ್ಲಿ," ಅಂದೆ.