ಹದಿನೇಳು ವರ್ಷ ಹಿಂದೆ ಸರಿದ ಗಡಿಯಾರ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿಕಾರಿಪುರದ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದೆ. ಅಲ್ಲಿದ್ದ ಒಂದೇ ಕಂಪ್ಯೂಟರ್ ನನ್ನ ಸುಪರ್ದಿಯಲ್ಲಿತ್ತು. ಅದನ್ನು ಆಫೀಸಿನ ಟೈಪಿಂಗಿಗೆ ಒಯ್ಯಬೇಕೆಂದು ಹೆಡ್ ಕ್ಲಾರ್ಕರ ಹಟ. ಅಂಕಿಗಳಿಂದ ರೇಖಾನಕ್ಷೆ ಬರೆಯುವ ಪ್ರೋಗ್ರಾಮೊಂದನ್ನು ಶನಿವಾರದೊಳಗೆ ಅದರಲ್ಲಿ ಕಟ್ಟಿ ತೋರಿಸಿದರೆ ವಿದ್ಯಾರ್ಥಿಗಳಿಗೇ ಉಳಿಸುವುದಾಗಿ ಪ್ರಾಂಶುಪಾಲರು ಮಾತು ಕೊಟ್ಟರು.

ಪ್ರೋಗ್ರಾಮು ಕಟ್ಟುವ ಮೊದಲು ಯಂತ್ರವನ್ನು ಪರೀಕ್ಷಿಸುವ ಒಂದು ವಿಧಿಯಿದೆ. ಅದು ನಾಲ್ಕಾರು ಸಾಲಿನ ಪುಟ್ಟ ಪ್ರೋಗ್ರಾಮುಗಳನ್ನು ತಾನೇ ಬರೆದು, ಕಂಪೈಲ್ ಮಾಡಿ, ಎಂದರೆ ಯಂತ್ರದ ಭಾಷೆಗೆ ತಿರುಗಿಸಿ, ಇದು ಇದೆಯೇ, ಅದು ನಡೆಯುತ್ತದೆಯೇ ಎಂದು ನೋಡಿ ಅಳಿಸಿಹಾಕುತ್ತದೆ. ಎಲ್ಲಕ್ಕೂ ಉತ್ತರ ಸಿಕ್ಕಿದ ಮೇಲೆಯೇ ಕಟ್ಟುವ ಕ್ರಮ ಹೇಳುವ ಫೈಲುಗಳನ್ನು ಸಿದ್ಧಪಡಿಸುತ್ತದೆ. ಸೊರಬದಿಂದ ಮೊದಲ ಬಸ್ಸಿಗೆ ಬಂದು ಒಬ್ಬನೇ ಕೂತು, ಪರದೆಯ ಮೇಲೆ ಮೂಡುವ ಆ ಪ್ರಶ್ನೋತ್ತರದ ಸಾಲುಗಳನ್ನು ಓದುತ್ತಿದ್ದೆ. ಸ್ಟಾಫ್ ರೂಮಿನಲ್ಲಿ ಯಾರಿಗೂ ನನ್ನೊಡನೆ ಮಾತಿರಲಿಲ್ಲ. ಕೇಳಿದ್ದಕ್ಕೆ 'ಇದೆ', 'ಇಲ್ಲ' ಎಂದು ಉತ್ತರಿಸುತ್ತಿದ್ದುದು ಅದೊಂದೇ.

ಊನವೊಂದಿತ್ತು. ಒಳಗಿನ ಬ್ಯಾಟರಿ ಸತ್ತಿದ್ದರಿಂದ, ಪ್ಲಗ್ ಕಿತ್ತರೆ ತಾರೀಖು ಹದಿನೇಳು ವರ್ಷ ಹಿಂದಕ್ಕೆ ಹೋಗುತ್ತಿತ್ತು. ದಿನವೂ ಕೈಯಿಂದ ತಿದ್ದುತ್ತಿದ್ದೆ. ಹೊಸ ಬ್ಯಾಟರಿಗೆಂದು ಕೊಟ್ಟ ಮೂರು ಅರ್ಜಿಗಳೂ ಹೆಡ್ ಕ್ಲಾರ್ಕರ ಮೇಜಿನಲ್ಲೇ ಉಳಿದವು.

ಶನಿವಾರ ನಾನು ಪ್ರಾಂಶುಪಾಲರನ್ನು ಕರೆತರಲು ಹೋದ ಐದು ನಿಮಿಷದಲ್ಲಿ ಹೆಡ್ ಕ್ಲಾರ್ಕರು ಚಹಾ ಕಾಯಿಸಲೆಂದು ಕಂಪ್ಯೂಟರಿನ ಪ್ಲಗ್ ಕಿತ್ತಿದ್ದರು.

"ಮತ್ತೆ ಹಾಕೀನಲ್ರೀ ಮೇಷ್ಟ್ರೇ, ಸಿಟ್ಯಾಕೆ?"

ಪ್ರಾಂಶುಪಾಲರು ವಾಚು ನೋಡಿಕೊಳ್ಳುತ್ತಿದ್ದರು. ಗಡಿಬಿಡಿಯಲ್ಲಿ ತಾರೀಖು ತಿದ್ದಲು ಮರೆತೆ. ಆ ತಪ್ಪು ನನ್ನದೇ. ಪರೀಕ್ಷೆ ಆರಂಭದಲ್ಲೇ ನಿಂತಿತು: ಈಗಷ್ಟೇ ಸೃಷ್ಟಿಸಿದ ಫೈಲು ಮೊದಲೇ ಇದ್ದವುಗಳಿಗಿಂತ ಹಳೆಯದು, ಗಡಿಯಾರ ಸರಿಯಿದೆಯೇ ನೋಡಿ, ಎಂದಿತು ಪರದೆ.

"ನೋಡ್ರೀ ಸಾರ್, ಮಗ ಅಪ್ಪನಿಗಿಂತ ಹಿರಿಯನಂತೆ!" ಎಂದರು ಹೆಡ್ ಕ್ಲಾರ್ಕರು. ನೋಡಲು ಬಂದಿದ್ದ ಸ್ಟಾಫ್ ರೂಮಿನವರೆಲ್ಲ ನಕ್ಕರು. ಪ್ರಾಂಶುಪಾಲರೂ ನಕ್ಕರು, ಅದನ್ನು ನಾನು ಮರೆತಿಲ್ಲ.

"ಎರಡು ನಿಮಿಷ ಕೊಡಿ ಸಾರ್," ಎಂದೆ.

"ಸೋಮವಾರ ಆಫೀಸಿಗೆ ಕಳಿಸಿಬಿಡ್ರಿ," ಎಂದು ಅವರು ಹೊರಟೇಬಿಟ್ಟರು.

ಎಲ್ಲರೂ ಹೋದ ಮೇಲೆ ತಾರೀಖು ತಿದ್ದಿ ಮತ್ತೆ ಓಡಿಸಿದೆ. ಪರೀಕ್ಷೆಗಳೆಲ್ಲ ದಾಟಿದವು, ಫೈಲುಗಳು ಸೃಷ್ಟಿಯಾದವು, ಪ್ರೋಗ್ರಾಮು ಕಟ್ಟಿ ಮುಗಿಯಿತು. ಪರದೆಯ ಮೇಲೆ ತಪ್ಪಿಲ್ಲದ ಒಂದು ವಕ್ರರೇಖೆ ಮೂಡಿತು. ಬಾಗಿಲಿಗೆ ಹೋಗಿ ಹೊರಗೆ ನೋಡಿದೆ. ಕರೆದು ತೋರಿಸಲು ಜಗಲಿಯಲ್ಲಿ ಒಬ್ಬರೂ ಇರಲಿಲ್ಲ.

ಸೋಮವಾರ ಹಸ್ತಾಂತರ ಪತ್ರ ಬಂತು. ಕಾರಣದ ಜಾಗದಲ್ಲಿ 'ಪ್ರೋಗ್ರಾಮು ನಡೆಯಲಿಲ್ಲ' ಎಂದಿತ್ತು. ಅದನ್ನು ಹೊಡೆದುಹಾಕಿ, 'ನಡೆಯಿತು. ನೋಡಲು ಯಾರೂ ನಿಲ್ಲಲಿಲ್ಲ' ಎಂದು ಬರೆದು ರುಜು ಹಾಕಿದೆ.

"ಹಿಂಗೆಲ್ಲ ಬರೀಬಾರದ್ರೀ," ಎಂದರು ಹೆಡ್ ಕ್ಲಾರ್ಕರು. ಯಂತ್ರವನ್ನು ಹೊತ್ತುಕೊಂಡು ಹೋದರು. ಸಂಜೆ ಮೊದಲಿನ ಕಾರಣವನ್ನೇ ಬೇರೆ ಹಾಳೆಯಲ್ಲಿ ಟೈಪು ಮಾಡಿಸಿ ತಂದರು. ಅದಕ್ಕೆ ನಾನು ರುಜು ಹಾಕಲಿಲ್ಲ.